ಕ್ಯಾಂಪಸ್ ನ್ಯೂಸ್ ಸ್ಟುಡಿಯೋ ನೋಡಲು ಹೋಗುವವರಿಗೆ
ಕ್ಯಾಂಪಸ್ ಟಿವಿಯ ನ್ಯೂಸ್ ಸ್ಟುಡಿಯೋ ನೋಡಲು ಅವಕಾಶ ಸಿಕ್ಕರೆ, ಆಂಕರ್ ಎದುರು ನಿಲ್ಲುವ ಆಸೆ ಬಿಟ್ಟು ಕಂಟ್ರೋಲ್ ರೂಮಿನಲ್ಲಿ ಜಾಗ ಕೇಳಿ. ನಾನು ಎರಡೂ ಕಡೆ ಕೂತು ನೋಡಿದೆ, ಕಲಿಯೋಕೆ ಸಿಗುವುದೆಲ್ಲ ಕಂಟ್ರೋಲ್ ರೂಮಿನಲ್ಲೇ. ಮೊದಲೇ ರನ್‌ಡೌನ್‌ನ ಒಂದು ಪ್ರತಿ ಇಸ್ಕೊಳ್ಳಿ. ಯಾವ ಸುದ್ದಿ ಯಾವಾಗ, ಎಷ್ಟು ಸೆಕೆಂಡ್, ವಿಡಿಯೋ ಇದೆಯಾ ಇಲ್ವಾ ಅನ್ನುವುದೆಲ್ಲ ಅದರಲ್ಲಿರುತ್ತದೆ, ಅದು ಕೈಯಲ್ಲಿ ಇಲ್ಲದಿದ್ದರೆ ಅಲ್ಲಿ ಆಡುವ ಮಾತು ಒಂದೂ ತಲೆಗೆ ಹೋಗುವುದಿಲ್ಲ. ಡೈರೆಕ್ಟರ್ ಮೊದಲು 'ರೆಡಿ ಟು' ಅನ್ನುತ್ತಾರೆ, ಆಮೇಲೆ 'ಟೇಕ್ ಟು', ಆಗ ಸ್ವಿಚರ್ (ಕ್ಯಾಮೆರಾ ಬದಲಿಸುವ ಬಟನ್‌ಗಳ ಯಂತ್ರ) ಮುಂದೆ ಕೂತವರು ಎರಡನೇ ಕ್ಯಾಮೆರಾಗೆ ಬದಲಿಸುತ್ತಾರೆ. ಆ ಕ್ಯಾಮೆರಾದ ಕೆಂಪು ದೀಪ ಹತ್ತುತ್ತದೆ.

ಪ್ರಾಂಪ್ಟರ್, ಅಂದರೆ ಆಂಕರ್ ಓದಬೇಕಾದ ಸಾಲುಗಳನ್ನು ತೋರಿಸುವ ಪರದೆ, ಅದನ್ನು ಓಡಿಸುವವರನ್ನೂ ಗಮನಿಸಿ. ಆಂಕರ್ ಓದುವ ವೇಗಕ್ಕೆ ಅವರು ಸಾಲು ಸರಿಸುತ್ತಾರೆ, ಬಹಳ ಜನ ಇದನ್ನು ಉಲ್ಟಾ ಅಂದುಕೊಂಡಿರುತ್ತಾರೆ ಅಲ್ವಾ? ಹಸಿರು ಬಟ್ಟೆ ಬೇಡ, ಹಸಿರು ಇದ್ದಲ್ಲೆಲ್ಲ ಬೇರೆ ಚಿತ್ರ ತುಂಬುವ ಹಸಿರು ಪರದೆ ಮುಂದೆ ಯಾರಾದರೂ ಸುಮ್ನೆ ಕೂರಿಸಿದರೆ ಮೈ ಮಾಯವಾಗಿ ತಲೆ ಮಾತ್ರ ಕಾಣುತ್ತದೆ! ಫೋನ್ ವೈಬ್ರೇಟ್‌ನಲ್ಲೂ ಇಡಬೇಡಿ, ಪೂರ್ತಿ ಆಫ್ ಮಾಡಿ. ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಬುಲೆಟಿನ್ ಮುಗಿದ ಮೇಲೆ ಕೇಳಿ, ಆಗ ಎಲ್ಲರೂ ಖುಷಿಯಾಗಿ ಮಾತಾಡುತ್ತಾರೆ.