ಬಿಳಿ ಕಾಲಿನ ಕುದುರೆಯನ್ನು ನಾನು ಶೋಗೆ ಸಿದ್ಧ ಮಾಡುವುದು ಹೀಗೆ

ನನ್ನ ಕುದುರೆ ಕಂದು ಬಣ್ಣದ್ದು, ನಾಲ್ಕೂ ಕಾಲು ಬಿಳಿ. ಮುಂಗಾಲುಗಳಲ್ಲಿ ಬಿಳುಪು ಗೊರಸಿನಿಂದ ಒಂದು ಗೇಣು ಮೇಲಕ್ಕೆ ಬಂದು ನಿಲ್ಲುತ್ತದೆ. ಹಿಂದಿನ ಎಡಗಾಲಿನಲ್ಲಿ ಮಾತ್ರ ಹಾಕ್ ದಾಟಿ ಹೋಗಿದೆ. ಹಾಕ್ ಅಂದರೆ ಹಿಂಗಾಲಿನ ನಡುವೆ ಹಿಂದಕ್ಕೆ ಚಾಚಿಕೊಂಡಿರುವ ಗಂಟು. ಇವನು ಮಲಗುವುದು ಯಾವಾಗಲೂ ಎಡ ಮಗ್ಗುಲಿಗೇ, ಅದೂ ಸರಿಯಾಗಿ ಲದ್ದಿಯ ಮೇಲೆ. ಲಾಯದಲ್ಲಿ ಅಷ್ಟೊಂದು ಜಾಗ ಇದ್ದರೂ ಹುಡುಕಿಕೊಂಡು ಹೋಗಿ ಅಲ್ಲೇ ಮಲಗುತ್ತಾನೆ. ಬೆಳಗ್ಗೆ ನೋಡಿದರೆ ಆ ಗಂಟು ಹಸಿರೂ ಅಲ್ಲದ ಹಳದಿಯೂ ಅಲ್ಲದ ಬಣ್ಣಕ್ಕೆ ತಿರುಗಿರುತ್ತದೆ.

ಯಾವ ಶಾಂಪೂ ಹಾಕುತ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ಒಂದು ಬಾಟಲಿಯ ಹೆಸರು ಹೇಳಿ ಮುಗಿಸಬಹುದಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ನನ್ನ ಲೆಕ್ಕದಲ್ಲಿ ತೊಳೆಯುವುದು ಅರ್ಧ ಕೆಲಸವೂ ಅಲ್ಲ. ತೊಳೆದ ಕಾಲನ್ನು ಪೂರ್ತಿ ಒಣಗಿಸಬೇಕು, ಒಣಗಿದ ಕಾಲನ್ನು ಬೆಳಗಿನವರೆಗೆ ಕಾಯಬೇಕು. ನನಗೆ ಜಾಸ್ತಿ ಹೊತ್ತು ಹಿಡಿಯುವುದು ಇವೆರಡೇ.

ನೀರು ಮುಟ್ಟಿಸುವ ಮೊದಲು ಚರ್ಮ ನೋಡುತ್ತೇನೆ. ಬಿಳಿ ಕೂದಲಿನ ಕೆಳಗಿನ ಚರ್ಮ ಗುಲಾಬಿ ಬಣ್ಣದ್ದು, ಅದರಲ್ಲಿ ಬಣ್ಣದ ಅಂಶ ಇರುವುದಿಲ್ಲ. ಬಿಸಿಲಿಗೆ ಬೇಗ ಸುಡುತ್ತದೆ, ಒದ್ದೆಗೆ ಬೇಗ ಕೆಡುತ್ತದೆ. ಗೊರಸಿನ ಹಿಂದೆ, ಹಿಮ್ಮಡಿಯ ಮೇಲಿನ ಕುಳಿಯಲ್ಲಿ ಬೆರಳು ಆಡಿಸಿದಾಗ ಸಣ್ಣ ಹಕ್ಕಳೆ ಸಿಕ್ಕರೆ ಅದು ಮಡ್ ಫೀವರ್ ಇರಬಹುದು. ಸದಾ ಒದ್ದೆಯಾಗಿರುವ ಚರ್ಮಕ್ಕೆ ಡರ್ಮಟೋಫಿಲಸ್ ಎಂಬ ಬ್ಯಾಕ್ಟೀರಿಯಾ ಹತ್ತಿಕೊಂಡು ಹೀಗಾಗುವುದು ಸಾಮಾನ್ಯ. ಹಾಗಿದ್ದಾಗ ಉಜ್ಜುವುದೂ ಬೇಡ, ಹಕ್ಕಳೆ ಕೀಳುವುದೂ ಬೇಡ. ಮೊದಲು ಪಶುವೈದ್ಯರಿಗೆ ತೋರಿಸಬೇಕು. ಶೋ ಮತ್ತೆ ಬರುತ್ತದೆ.

ಕೂದಲು ಕತ್ತರಿಸುವುದನ್ನು ಒಂದು ವಾರ ಮೊದಲೇ ಮುಗಿಸಿಬಿಡುತ್ತೇನೆ. ಹೊಸದಾಗಿ ಕ್ಲಿಪ್ಪರ್ ಆಡಿಸಿದ ಗೆರೆಗಳು ಕಾಣದಾಗಲು ಅಷ್ಟು ದಿನ ಬೇಕು. ಕೂದಲು ಬೆಳೆದ ದಿಕ್ಕಿನಲ್ಲೇ, ಮೇಲಿಂದ ಕೆಳಕ್ಕೆ ಓಡಿಸುತ್ತೇನೆ. ಎದುರು ದಿಕ್ಕಿನಲ್ಲಿ ಓಡಿಸಿ ತೀರಾ ಬೋಳಿಸಿದರೆ ಒಳಗಿನ ಗುಲಾಬಿ ಚರ್ಮ ಕಾಣುತ್ತದೆ. ಆಮೇಲೆ ಎಷ್ಟು ತೊಳೆದರೂ ಕಾಲು ಬಿಳಿ ಅನ್ನಿಸುವುದಿಲ್ಲ. ಶೈರ್, ಕ್ಲೈಡ್ಸ್‌ಡೇಲ್‌ನಂಥ ತಳಿಗಳ ಕಾಲಿನ ಉದ್ದ ಕೂದಲೇ ಅವುಗಳ ಅಂದ. ಅವಕ್ಕೆ ಕ್ಲಿಪ್ಪರ್ ಮುಟ್ಟಿಸುವ ಹಾಗೇ ಇಲ್ಲ. ಯಾವ ವಿಭಾಗದಲ್ಲಿ ಏನು ನಿಯಮ ಅಂತ ಮೊದಲೇ ಕೇಳಿಕೊಂಡರೆ ಒಳ್ಳೆಯದು.

ಶೋದ ಹಿಂದಿನ ದಿನ, ಬಿಸಿಲು ಇನ್ನೂ ಇರುವಾಗಲೇ ತೊಳೆಯಲು ಶುರು ಮಾಡುತ್ತೇನೆ. ಸಂಜೆ ತೊಳೆದರೆ ಒಣಗಿಸಲು ಹೊತ್ತು ಸಾಲುವುದಿಲ್ಲ. ಮೊದಲು ಒಣ ಬ್ರಷ್‌ನಿಂದ ಮಣ್ಣನ್ನೆಲ್ಲ ಉದುರಿಸಬೇಕು. ಒಣಗಿದ ಮಣ್ಣಿನ ಮೇಲೆ ನೇರವಾಗಿ ನೀರು ಹಾಕಿದರೆ ಅದು ಕೆಸರಾಗಿ ಕೂದಲಿನ ಬುಡಕ್ಕೆ ಇಳಿಯುತ್ತದೆ. ಆಮೇಲೆ ಪೈಪಿನ ನೀರು. ಮೊದಲು ಗೊರಸಿಗೆ, ನಂತರ ನಿಧಾನವಾಗಿ ಮೇಲಕ್ಕೆ. ಏಕಾಏಕಿ ಮೇಲೆ ಹಾಕಿದರೆ ಬೆದರುತ್ತದೆ, ಯಾರಿಗಾದರೂ ಹಾಗೇ ಅಲ್ವಾ? ಕೂತಿರುವಾಗ ನಾನು ಮಂಡಿ ಊರುವುದಿಲ್ಲ. ಕುಕ್ಕರಗಾಲಲ್ಲಿ, ಪಕ್ಕದಲ್ಲಿ, ಥಟ್ಟನೆ ಎದ್ದು ಸರಿಯುವ ಹಾಗೆ ಕೂರುತ್ತೇನೆ. ಎಷ್ಟೇ ಸಾಧು ಕುದುರೆಯಾದರೂ ಒಂದು ನೊಣ ಕಚ್ಚಿದರೆ ಕಾಲು ಎತ್ತಿಯೇ ಎತ್ತುತ್ತದೆ.

ಕಲೆಗಳೆಲ್ಲ ಒಂದೇ ಥರ ಇರುವುದಿಲ್ಲ. ಮಣ್ಣು ಸುಲಭ, ಕುದುರೆಗೆಂದೇ ಮಾಡಿದ ಸಾದಾ ಶಾಂಪೂಗೆ ಹೋಗುತ್ತದೆ. ಹುಲ್ಲು, ಲದ್ದಿಯ ಹಸಿರು ಅದಕ್ಕಿಂತ ಗಟ್ಟಿ. ಉಚ್ಚೆಯ ಹಳದಿ ಎಲ್ಲಕ್ಕಿಂತ ಹಟಮಾರಿ, ದಿನ ಕಳೆದಷ್ಟೂ ಕೂದಲಿಗೆ ಹಿಡಿದುಕೊಳ್ಳುತ್ತದೆ. ಅದಕ್ಕೇ ಶೋ ಇರಲಿ ಇಲ್ಲದಿರಲಿ, ದಿನಾ ಬೆಳಗ್ಗೆ ಆ ಎಡಗಾಲಿನ ಗಂಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸುತ್ತೇನೆ. ಶೋದ ಹಿಂದಿನ ದಿನ ನನ್ನ ಕೆಲಸ ಹಗುರಾಗುವುದು ಇದರಿಂದಲೇ.

ಶಾಂಪೂವನ್ನು ಬಕೆಟ್ ನೀರಿನಲ್ಲಿ ಕಲಸಿ ಹಚ್ಚುತ್ತೇನೆ, ನೇರವಾಗಿ ಸುರಿದರೆ ತೊಳೆದು ತೆಗೆಯುವುದೇ ಕಷ್ಟ. ಮೆತ್ತಗಿನ ರಬ್ಬರ್ ಬ್ರಷ್‌ನಲ್ಲಿ ಸುತ್ತಿ ಸುತ್ತಿ ಉಜ್ಜುತ್ತೇನೆ. ಗೊರಸಿನ ಹಿಂದಿನ ಕುಳಿಗೆ ಬ್ರಷ್ ಇಳಿಯುವುದಿಲ್ಲ, ಅಲ್ಲಿ ಬೆರಳ ತುದಿಯೇ ಆಗಬೇಕು. ಕೂದಲನ್ನು ಎದುರು ದಿಕ್ಕಿಗೆ ಬಿಡಿಸಿ ನೋಡಿದರೆ ಬುಡದಲ್ಲಿ ಬೂದು ಬಣ್ಣದ ಗೆರೆ ಕಾಣುತ್ತದೆ. ಮೇಲಿನಿಂದ ನೋಡಿದಾಗ ಬೆಳ್ಳಗಿದ್ದ ಕಾಲಿನ ನಿಜ ಬಣ್ಣ ಅದು. ಆ ಗೆರೆ ಹೋಗುವ ತನಕ ಬಿಡುವುದಿಲ್ಲ.

ಹಳದಿ ಇನ್ನೂ ಉಳಿದಿದ್ದರೆ ಆಗ ನೇರಳೆ ಶಾಂಪೂ. ಬಿಳಿ ಬಟ್ಟೆಗೆ ನೀಲಿ ಹಾಕುತ್ತೇವಲ್ಲ, ಇದೂ ಅದೇ ಲೆಕ್ಕ. ನೇರಳೆ ಬಣ್ಣ ಹಳದಿಯನ್ನು ಕಣ್ಣಿಗೆ ಕಾಣದಂತೆ ಮಾಡುತ್ತದೆ, ಕಲೆಯನ್ನು ಕಿತ್ತು ಹಾಕುವುದಿಲ್ಲ. ಹಾಗಾಗಿ ಕೊಳೆ ಕಾಲಿಗೆ ಮೊದಲೇ ಇದನ್ನು ಹಚ್ಚಿ ಏನೂ ಪ್ರಯೋಜನವಿಲ್ಲ. ಬಾಟಲಿಯ ಮೇಲೆ ಬರೆದಿರುವ ಹೊತ್ತಿಗಿಂತ ಒಂದು ನಿಮಿಷವೂ ಜಾಸ್ತಿ ಬಿಡಬೇಡಿ. ಬಿಟ್ಟರೆ ಕಾಲು ತಿಳಿ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಅದು ತೀರ್ಪುಗಾರರಿಗೆ ಹಳದಿಗಿಂತ ಬೇಗ ಕಾಣುತ್ತದೆ. ಬಟ್ಟೆಗೆ ಹಾಕುವ ಬ್ಲೀಚ್ ಹಾಕಿ ಅಂತ ಸಲಹೆ ಕೊಡುವವರೂ ಇದ್ದಾರೆ. ಆ ಗುಲಾಬಿ ಚರ್ಮ ಒಮ್ಮೆ ನೋಡಿದವರು ಹಾಗೆ ಹೇಳಲಾರರು.

ನೊರೆ ಹೋಯಿತು ಅನ್ನಿಸಿದ ಮೇಲೂ ಇನ್ನೊಂದು ಸಲ ನೀರು ಹಾಕುತ್ತೇನೆ. ಉಳಿದ ಸೋಪು ತುರಿಕೆ ತರುತ್ತದೆ, ಧೂಳನ್ನೂ ಎಳೆದುಕೊಳ್ಳುತ್ತದೆ. ಕಾಲಿನಿಂದ ಇಳಿಯುವ ನೀರನ್ನು ಅಂಗೈಯಲ್ಲಿ ಹಿಡಿದು ನೋಡಿ, ಜಾರು ಜಾರಾಗಿದ್ದರೆ ಇನ್ನೂ ಸೋಪಿದೆ ಅಂತಲೇ.

ಇನ್ನು ಒಣಗಿಸುವುದು. ಮೊದಲು ಅಂಗೈಯಿಂದಲೇ ಮೇಲಿಂದ ಕೆಳಕ್ಕೆ ನೀರು ಇಳಿಸುತ್ತೇನೆ. ಆಮೇಲೆ ಟವೆಲ್. ಒಂದು ಟವೆಲ್ ಒದ್ದೆಯಾದ ಕೂಡಲೇ ಬದಲಾಯಿಸುತ್ತೇನೆ, ಒದ್ದೆ ಟವೆಲ್‌ನಲ್ಲಿ ಉಜ್ಜಿದರೆ ನೀರು ಅಲ್ಲಿಂದಿಲ್ಲಿಗೆ ಓಡಾಡುತ್ತದೆ ಅಷ್ಟೇ. ಮೇಲ್ಗಡೆ ಒಣಗಿದ್ದರೂ ಗೊರಸಿನ ಹಿಂದಿನ ಕುಳಿ ತುಂಬ ಹೊತ್ತು ತಣ್ಣಗೇ ಇರುತ್ತದೆ. ಬೆರಳಿಟ್ಟು ನೋಡಿದಾಗ ಬೆಚ್ಚಗೆ ಅನ್ನಿಸಿದರೆ ಮಾತ್ರ ಒಣಗಿತು ಅಂತ ಲೆಕ್ಕ. ಅಲ್ಲಿಗೆ ಒಂದಿಷ್ಟು ಕಾರ್ನ್‌ಫ್ಲೋರ್ ಉದುರಿಸಿ, ಬೆರಳಲ್ಲಿ ಒಳಗೆ ತಟ್ಟಿ, ಸ್ವಲ್ಪ ಹೊತ್ತು ಬಿಟ್ಟು ಬ್ರಷ್ ಮಾಡುತ್ತೇನೆ. ಉಳಿದ ತೇವ ಅದು ಹೀರಿಕೊಳ್ಳುತ್ತದೆ, ಕಾಲೂ ಬೆಳ್ಳಗೆ ಕಾಣುತ್ತದೆ. ಉದ್ದ ಕೂದಲಿನ ತಳಿಗಳಿಗೆ ಬಿಳಿಯ ನುಣ್ಣನೆ ಮರದ ಹೊಟ್ಟು ಬಳಸುವುದು ಹಳೆಯ ರೂಢಿ. ಒದ್ದೆ ಕೂದಲಿಗೆ ಅದನ್ನು ಚೆನ್ನಾಗಿ ತಿಕ್ಕಿ, ಒಣಗಿದ ಮೇಲೆ ಕೊಡವಿದರೆ ಕೂದಲು ಬಿಡಿ ಬಿಡಿಯಾಗಿ ಉಬ್ಬುತ್ತದೆ.

ಇಷ್ಟೆಲ್ಲ ಆದ ಮೇಲೆಯೇ ಬ್ಯಾಂಡೇಜ್. ಒಳಗೆ ಮೆತ್ತೆ ಸಮನಾಗಿ ಸುತ್ತಿ, ಅದರ ಮೇಲೆ ಒಂದೇ ಬಿಗಿಯಲ್ಲಿ ಬ್ಯಾಂಡೇಜ್ ಸುತ್ತುತ್ತೇನೆ. ತೇವ ಇರುವ ಕಾಲಿಗೆ ಸುತ್ತಿದರೆ ರಾತ್ರಿಯಿಡೀ ಬಿಸಿಯಲ್ಲಿ ಬೆಂದು ಚರ್ಮ ಕೆಡುತ್ತದೆ. ಒಂದೆಡೆ ಬಿಗಿ, ಒಂದೆಡೆ ಸಡಿಲ ಆದರೆ ಸ್ನಾಯುರಜ್ಜುಗಳಿಗೇ ಪೆಟ್ಟು. ಸುತ್ತುವ ಅಭ್ಯಾಸ ಇಲ್ಲದವರು ಶೋದ ಹಿಂದಿನ ರಾತ್ರಿ ಇದನ್ನು ಕಲಿಯಲು ಹೋಗಬೇಡಿ. ಬರೀ ಹಾಸಿಗೆ ದಪ್ಪ ಮಾಡಿದರೂ ಎಷ್ಟೋ ಪಾಲು ಕೆಲಸ ಆಗುತ್ತದೆ. ಬ್ಯಾಂಡೇಜ್ ಹಾಕ್‌ವರೆಗೆ ಬರುವುದಿಲ್ಲ, ಅದಕ್ಕೇ ನನ್ನ ಕುದುರೆಗೆ ಆ ರಾತ್ರಿ ಹೊಸ ಹುಲ್ಲು ಮಾಮೂಲಿಗಿಂತ ದುಪ್ಪಟ್ಟು ಹಾಸುತ್ತೇನೆ. ಮಲಗುವ ಮುನ್ನ ಒಮ್ಮೆ, ನಡುರಾತ್ರಿ ಒಮ್ಮೆ ಹೋಗಿ ಲದ್ದಿ ಎತ್ತುತ್ತೇನೆ. ನನ್ನನ್ನು ನೋಡಿ ಅವನಿಗೆ ಮೇವು ಬಂತು ಅಂತ ಖುಷಿ.

ಇಷ್ಟಾದರೂ ಬೆಳಗ್ಗೆ ಒಂದು ಕಲೆ ಇದ್ದೇ ಇರುತ್ತದೆ. ಆಗ ಇಡೀ ಕಾಲು ಮತ್ತೆ ತೊಳೆಯಲು ಹೊರಡುವುದಿಲ್ಲ. ಕಲೆ ಇರುವಷ್ಟು ಜಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಒತ್ತಿ, ಪುಡಿ ಹಾಕಿ ಬ್ರಷ್ ಮಾಡುತ್ತೇನೆ. ಹಸಿರು ಕಲೆ ಜಗ್ಗದಿದ್ದರೆ ಬಟ್ಟೆಗೆ ಸ್ವಲ್ಪ ಸರ್ಜಿಕಲ್ ಸ್ಪಿರಿಟ್ ಹಾಕಿ ಒರೆಸಿದರೆ ಬಿಡುತ್ತದೆ. ಗಾಯ, ಬಿರುಕು ಇದ್ದ ಕಡೆ ಅದು ಕೂಡದು, ಉರಿಯುತ್ತದೆ. ನಿಯಮ ಒಪ್ಪಿದರೆ ಕೊನೆಗೆ ಒಂದಿಷ್ಟು ಬಿಳಿ ಚಾಕ್. ಹೊಳಪಿನ ಸಿಲಿಕೋನ್ ಸ್ಪ್ರೇ ಹೊಡೆದ ಕಾಲಿಗೆ ಚಾಕ್ ಕೂರುವುದಿಲ್ಲ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ನಾನು ಚಾಕ್ ಪಕ್ಷ. ಜಾಸ್ತಿಯಾದರೆ ಮಾತ್ರ ಕುದುರೆ ಹೆಜ್ಜೆ ಇಟ್ಟಾಗಲೆಲ್ಲ ಪುಡಿ ಹಾರಿ ನಗೆಪಾಟಲು.

ಗೊರಸಿನ ಎಣ್ಣೆ ಎಲ್ಲಕ್ಕಿಂತ ಕೊನೆಗೆ, ಅದೂ ಬಣ್ಣವಿಲ್ಲದ್ದು. ಕಪ್ಪು ಎಣ್ಣೆಯ ಒಂದು ಹನಿ ಗೊರಸಿನ ಅಂಚಿನ ಬಿಳಿ ಕೂದಲಿಗೆ ತಾಗಿದರೆ ಹಿಂದಿನ ದಿನದ ದುಡಿಮೆಯೆಲ್ಲ ನೀರಿಗೆ ಹಾಕಿದ ಹಾಗೆ. ಇಬ್ಬನಿ ಬಿದ್ದ ಹುಲ್ಲಿನ ಮೇಲೆ ನಡೆಸಬೇಕಾಗಿದ್ದರೆ ಎಣ್ಣೆ, ಚಾಕ್ ಎರಡನ್ನೂ ಅಖಾಡದ ಬಾಗಿಲವರೆಗೆ ಕೈಯಲ್ಲೇ ಹಿಡಿದುಕೊಂಡು ಹೋಗುತ್ತೇನೆ.

ಶೋ ಮುಗಿದ ಸಂಜೆಯೇ ಪುಡಿಯನ್ನೆಲ್ಲ ಬರೀ ನೀರಿನಲ್ಲಿ ತೊಳೆದು, ಕಾಲು ಒಣಗಿಸಿ ಬಿಡುತ್ತೇನೆ. ಚಾಕ್, ಕಾರ್ನ್‌ಫ್ಲೋರ್ ಹಾಗೇ ಉಳಿದರೆ ಚರ್ಮ ಒಣಗಿ ಹೊಟ್ಟು ಏಳುತ್ತದೆ. ಆಮೇಲೆ ಕೆಲವು ದಿನ ಶಾಂಪೂ ಮುಟ್ಟುವುದಿಲ್ಲ, ಚರ್ಮದ ಎಣ್ಣೆ ಮತ್ತೆ ಬರಲಿ ಅಂತ. ಅಷ್ಟರಲ್ಲಿ ಅವನು ಎಡ ಮಗ್ಗುಲಿನ ಕೆಲಸ ಮತ್ತೆ ಶುರು ಮಾಡಿರುತ್ತಾನೆ.