ಲಾಟರಿಗೂ ತೆರಿಗೆಗೂ ಒಂದೇ ಪುಟ: ನನ್ನ ಅನುಭವ

ವಾರಕ್ಕೊಂದು ಲಾಟರಿ ಟಿಕೆಟ್ ಕೊಳ್ಳುವುದು ನನಗೆ ಎಷ್ಟೋ ವರ್ಷದ ರೂಢಿಯಾಗಿತ್ತು. ಅದೇ ವರ್ಷಗಳಲ್ಲಿ ತೆರಿಗೆ ಅಂದರೆ ಕೊನೇ ದಿನಾಂಕದ ಹಿಂದಿನ ರಾತ್ರಿ ಕೂತು ಹೇಗೋ ಮುಗಿಸುವ ಕೆಲಸ. ನಾನು ಸ್ವಂತವಾಗಿ ದುಡಿಯುತ್ತೇನೆ. ಆದಾಯ, ಖರ್ಚು, ತೆರಿಗೆ ಎಲ್ಲದರ ಲೆಕ್ಕವೂ ನನ್ನದೇ.

ಅಂಥ ಒಂದು ರಾತ್ರಿ ಬಿಲ್ಲು ಹುಡುಕುತ್ತಾ ಬ್ಯಾಗನ್ನು ಮೇಜಿನ ಮೇಲೆ ಸುರಿದೆ. ಕೆಲಸಕ್ಕೆಂದು ಕೊಂಡ ಸಾಮಾನಿನ ಬಿಲ್ಲು ಮುದ್ದೆಯಾಗಿತ್ತು. ಬಿಡಿಸಿ ನೋಡಿದರೆ ಅಕ್ಷರವೆಲ್ಲ ಮಾಸಿ ಕಾಗದ ಬೆಳ್ಳಗಾಗಿದೆ. ಮೊತ್ತವೇ ಕಾಣದು. ಆ ವಾರದ ಲಾಟರಿ ಟಿಕೆಟ್ ಮಾತ್ರ ಪರ್ಸಿನ ಒಳಜೇಬಿನಲ್ಲಿ ಒಂದು ಮಡಿಕೆಯೂ ಇಲ್ಲದೆ ಭದ್ರವಾಗಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ತುಂಬಾ ಹೊತ್ತು ನೋಡಿದೆ. ಆಮೇಲೆ ನೋಟ್‌ಬುಕ್ ತೆಗೆದು ಪುಟದ ನಡುವೆ ಗೆರೆ ಎಳೆದೆ. ಎಡಕ್ಕೆ ಜೂಜು, ಬಲಕ್ಕೆ ತೆರಿಗೆ.

ಎಡಗಡೆ ಸುಲಭ. ನನ್ನದು 49 ಸಂಖ್ಯೆಗಳಲ್ಲಿ 6 ಆರಿಸುವ ಆಟ. 49ರಿಂದ ಶುರು ಮಾಡಿ 48, 47 ಅಂತ 44ರವರೆಗೆ ಗುಣಿಸಿದೆ. ಸಂಖ್ಯೆಗಳು ಹಿಂದುಮುಂದಾಗಿ ಬಂದರೂ ನಡೆಯುತ್ತದೆ, 6 ಸಂಖ್ಯೆಗಳನ್ನು 720 ಬಗೆಯಲ್ಲಿ ಹಿಂದುಮುಂದು ಮಾಡಬಹುದು, ಹಾಗಾಗಿ 720ರಿಂದ ಭಾಗಿಸಿದೆ. ಬಂದ ಉತ್ತರ 1,39,83,816. ಇಷ್ಟರಲ್ಲಿ ಒಂದು ನನ್ನದು. ವಾರಕ್ಕೊಂದರಂತೆ ಎಲ್ಲ ಜೋಡಣೆಗಳನ್ನೂ ಕೊಂಡು ಮುಗಿಸಲು 2,68,000 ವರ್ಷಕ್ಕೂ ಜಾಸ್ತಿ ಬೇಕು. ಕೊಂಡವರೆಲ್ಲರ ದುಡ್ಡನ್ನು ಒಂದು ರಾಶಿ ಮಾಡಿದರೆ, ಹಲವು ಲಾಟರಿಗಳಲ್ಲಿ ಅದರ ಅರ್ಧದಷ್ಟು ಮಾತ್ರ ಬಹುಮಾನವಾಗಿ ವಾಪಸ್ ಬರುತ್ತದೆ.

ತಿರುಗುವ ಚಕ್ರದಲ್ಲಿ ಚೆಂಡು ಯಾವ ಸಂಖ್ಯೆಯ ಗುಳಿಗೆ ಬೀಳುತ್ತದೆ ಅಂತ ದುಡ್ಡು ಕಟ್ಟುವ ರೂಲೆಟ್ ಆಟ ಇದಕ್ಕಿಂತ ಎಷ್ಟೋ ವಾಸಿ. ಒಂದು ಸೊನ್ನೆಯ ಚಕ್ರದಲ್ಲಿ 37 ಗುಳಿ. ಒಂದು ಸಂಖ್ಯೆಗೆ ಕಟ್ಟಿ ಗೆದ್ದರೆ ಒಂದಕ್ಕೆ 35 ಸಿಗುತ್ತದೆ, ಕಟ್ಟಿದ್ದೂ ವಾಪಸ್. ಎಲ್ಲ ಗುಳಿಗೂ ಒಂದೊಂದು ನಾಣ್ಯ ಕಟ್ಟಿದೆ ಅನ್ನಿ. ಹೋಗಿದ್ದು 37, ಬಂದಿದ್ದು 36. ಆ ಒಂದು ನಾಣ್ಯವೇ ಆಟ ನಡೆಸುವವರ ಪಾಲು, 2.7%. ಎರಡು ಸೊನ್ನೆಯ ಅಮೆರಿಕನ್ ಚಕ್ರದಲ್ಲಿ ಅದು 5.26%. 2.7% ತಾನೇ, ಕಮ್ಮಿ ಅಲ್ವಾ ಅನ್ನಿಸುತ್ತದೆ. ಆದರೆ 100 ನಾಣ್ಯ ಹಿಡಿದು, ಉಳಿದದ್ದನ್ನೆಲ್ಲ ಮತ್ತೆ ಮತ್ತೆ ಕಟ್ಟುತ್ತಾ 20 ಸುತ್ತು ಆಡಿದರೆ ಸರಾಸರಿ ಉಳಿಯುವುದು 58. ಈ 20 ಅನ್ನುವ ಸಂಖ್ಯೆ ನೆನಪಿರಲಿ, ಮುಂದೆ ಬರುತ್ತದೆ.

ಇನ್ನು ಬಲಗಡೆ. ತೆರಿಗೆಯ ನಿಯಮ ದೇಶಕ್ಕೊಂದು ಥರ, ಹಾಗಾಗಿ ಲೆಕ್ಕಕ್ಕೆ 30% ದರ ಹಿಡಿಯೋಣ. ಮಾಸಿಹೋದ ಆ ಬಿಲ್ಲು 100ರದ್ದು ಅಂದುಕೊಂಡರೆ, ಅದನ್ನು ಖರ್ಚೆಂದು ತೋರಿಸಿ ತೆರಿಗೆ ಬೀಳುವ ಆದಾಯದಿಂದ ಕಳೆಯಲಾಗದೆ ನಾನು 30 ಕಳೆದುಕೊಂಡೆ. ಖರ್ಚು ಹೇಗೂ ಆಗಿತ್ತು. ಹೊಸದಾಗಿ ಏನನ್ನೂ ಪಣಕ್ಕೆ ಇಡಬೇಕಾಗಿರಲಿಲ್ಲ. ಕಾಗದ ಜೋಪಾನ ಮಾಡಿದ್ದರೆ ಸಾಕಿತ್ತು. ಅದೇ 30ನ್ನು ರೂಲೆಟ್‌ನಲ್ಲಿ ಗೆಲ್ಲಬೇಕು ಅಂದರೆ 30 ಕಟ್ಟಿ ಚೆಂಡು ಕೆಂಪು ಬಣ್ಣದ ಗುಳಿಗೆ ಬೀಳಲಿ ಅಂತ ಕಾಯಬೇಕು, ಬಿದ್ದರೆ ಕಟ್ಟಿದಷ್ಟೇ ಗೆಲುವು. ಕೆಂಪು 37ರಲ್ಲಿ 18 ಸಲ, ಅಂದರೆ 48.6%.

ಅವತ್ತು ನನ್ನ ತಲೆಯಲ್ಲಿದ್ದ ಒಂದು ತಪ್ಪೂ ಸರಿಯಾಯಿತು. ಆದಾಯ ಮೇಲಿನ ಹಂತಕ್ಕೆ ದಾಟಿದರೆ ಎಲ್ಲಾ ದುಡ್ಡಿಗೂ ಮೇಲಿನ ದರ ಬೀಳುತ್ತದೆ ಅಂದುಕೊಂಡಿದ್ದೆ. ಈ ಹೆದರಿಕೆಗೆ ಬಂದ ಕೆಲಸವನ್ನೇ ಬಿಟ್ಟಿದ್ದೂ ಉಂಟು. ಹಂತದ ಪದ್ಧತಿಯಲ್ಲಿ ಹಾಗಾಗುವುದಿಲ್ಲ. ಮೊದಲ 100ಕ್ಕೆ 10%, ಅದರ ಮೇಲಿನದಕ್ಕೆ 30% ಅಂದುಕೊಳ್ಳಿ. 110 ದುಡಿದರೆ ತೆರಿಗೆ 13. 33 ಅಲ್ಲ.

ನನ್ನನ್ನು ನಿಜವಾಗಿ ಅಲ್ಲಾಡಿಸಿದ್ದು ಉಳಿತಾಯದ ಲೆಕ್ಕ. 100ನ್ನು ವರ್ಷಕ್ಕೆ 8% ಬೆಳೆಯುವ ಕಡೆ ಇಟ್ಟೆ ಅನ್ನಿ. ಪ್ರತಿ ವರ್ಷದ ಗಳಿಕೆಗೂ 30% ತೆರಿಗೆ ಕೊಡುತ್ತಾ ಹೋದರೆ ಕೈಯಲ್ಲಿ ಉಳಿಯುವ ಬೆಳವಣಿಗೆ 5.6%. 20 ವರ್ಷಕ್ಕೆ 100 ಇದ್ದದ್ದು 297 ಆಗುತ್ತದೆ. ತೆರಿಗೆಯನ್ನು ಕೊನೆಯಲ್ಲಿ ಒಂದೇ ಸಲ ಕೊಡುವಂಥ ಕಡೆ ಇಟ್ಟಿದ್ದರೆ 466 ಆಗಿ, ಗಳಿಕೆಯ ಮೇಲೆ ಅದೇ 30% ಕೊಟ್ಟ ಮೇಲೂ 356 ಉಳಿಯುತ್ತದೆ. ದರ ಒಂದೇ, ಬೆಳವಣಿಗೆ ಒಂದೇ. ಕೊಡುವ ಹೊತ್ತು ಮಾತ್ರ ಬೇರೆ. ಈ 59ರ ವ್ಯತ್ಯಾಸವನ್ನು ನಾನು ಮೂರು ಸಲ ಕೂಡಿ ಕಳೆದು ನೋಡಿದೆ. ಆಮೇಲೆ ಎಡಗಡೆಯ 58ರ ಪಕ್ಕದಲ್ಲೇ 356 ಅಂತ ಬರೆದೆ. ಅಲ್ಲಿ 20 ಸುತ್ತು, ಇಲ್ಲಿ 20 ವರ್ಷ. ಸುತ್ತೂ ವರ್ಷವೂ ಒಂದೇ ಅಲ್ಲ, ಗೊತ್ತು. ಬೆಳವಣಿಗೆಯ ದರ ಏರಿಳಿಯುತ್ತದೆ, ಸರ್ಕಾರ ನಿಯಮವನ್ನೂ ಬದಲಿಸಬಹುದು. ಆದರೂ ಒಂದು ಕಡೆ ಸರಾಸರಿ ನನಗೆ ವಿರುದ್ಧ, ಇನ್ನೊಂದು ಕಡೆ ನನ್ನ ಜೊತೆ.

ತೆರಿಗೆ ಉಳಿಸುವ ಹೆಸರಿನಲ್ಲೂ ದುಡ್ಡು ಕಳೆಯಬಹುದು. ಒಮ್ಮೆ ವರ್ಷದ ಕೊನೆಯಲ್ಲಿ, ಖರ್ಚು ತೋರಿಸಬಹುದಲ್ಲ ಅಂತ, ಬೇಡದ ಯಂತ್ರವೊಂದನ್ನು ಕೊಂಡಿದ್ದೆ. 30 ಉಳಿಸಲು 100 ಕೊಟ್ಟ ಹಾಗೆ, 70 ಕೈಬಿಟ್ಟು ಹೋಯಿತು. ಆ ಯಂತ್ರ ಡಬ್ಬದಿಂದ ಹೊರಗೇ ಬರಲಿಲ್ಲ.

ಇನ್ನೊಂದು ದಾರಿ ಜೊತೆಯಲ್ಲಿ ಕೆಲಸ ಮಾಡುವ ಗೆಳೆಯ ಹೇಳಿದ್ದು. "ಕ್ಯಾಶ್ ಬಂದದ್ದನ್ನ ಯಾಕೆ ತೋರಿಸ್ತೀಯಾ? ಯಾರು ಹಿಡೀತಾರೆ?" ಅದು ನಿಯಮದೊಳಗೆ ತೆರಿಗೆ ಉಳಿಸುವ ದಾರಿಯಲ್ಲ, ಎಡಗಡೆ ಬರೆಯಬೇಕಾದ ಜೂಜು. ಅವನ ಮಾತಿನಂತೆಯೇ ಸಿಕ್ಕಿಬೀಳುವ ಸಾಧ್ಯತೆ ವರ್ಷಕ್ಕೆ ಬರೀ 5% ಅಂದುಕೊಂಡೆ. 10 ವರ್ಷ ಹಾಗೇ ಮಾಡಿದರೆ ಒಮ್ಮೆಯಾದರೂ ಸಿಕ್ಕಿಬೀಳುವ ಸಾಧ್ಯತೆ 40%. ಸಿಕ್ಕಿಬಿದ್ದ ಮೇಲೆ ತೆರಿಗೆಯ ಜೊತೆ ದಂಡ, ಬಡ್ಡಿ. ಹಿಂದಿನ ವರ್ಷಗಳ ಲೆಕ್ಕವನ್ನೂ ತೆಗೆದು ನೋಡಬಹುದು. ಲೆಕ್ಕ ಹೇಗೇ ಬರಲಿ, ಸುಳ್ಳಿಗೆ ಸಹಿ ಹಾಕುವುದು ನನಗೆ ಬೇಡ. ಅವನಿಗೂ ಅದನ್ನೇ ಹೇಳಿದೆ. ಸ್ವಲ್ಪ ದಿನ ಮಾತು ಬಿಟ್ಟಿದ್ದ.

ಈಗ ನಾನು ಮಾಡುವುದು ಇಷ್ಟೇ. ಬಿಲ್ಲು ಕೈಗೆ ಬಂದ ದಿನವೇ ಫೋಟೋ ತೆಗೆದು, ಯಾವ ಕೆಲಸಕ್ಕೆ ಅಂತ ಒಂದು ಸಾಲು ಬರೆದಿಡುತ್ತೇನೆ. ವರ್ಷ ಮುಗಿಯಲು ಮೂರು ತಿಂಗಳಿರುವಾಗ ಆದಾಯ ಎಲ್ಲಿಗೆ ಮುಟ್ಟಬಹುದು ಅಂತ ಅಂದಾಜು ಹಾಕುತ್ತೇನೆ. ಮಾಡಬೇಕಾದ ಖರ್ಚೇ ಇದ್ದರೆ ಈ ವರ್ಷವೋ ಮುಂದಿನ ವರ್ಷವೋ ಅಂತ ಆಗ ತೀರ್ಮಾನ. ಉಳಿತಾಯವನ್ನು ತೆರಿಗೆ ಮುಂದೂಡುವ ಕಡೆಗೆ ಮೊದಲು ಹಾಕುತ್ತೇನೆ. ಅರ್ಥವಾಗದ ನಿಯಮ ಬಂದರೆ ಫೀಸು ಕೊಟ್ಟು ಲೆಕ್ಕಿಗರನ್ನು ಕೇಳುತ್ತೇನೆ. ಕಳೆದ ವರ್ಷ ಇದಕ್ಕೆಲ್ಲ ಹಿಡಿದದ್ದು ಒಟ್ಟು 11 ಗಂಟೆ.

ಟಿಕೆಟ್ ಕೊಳ್ಳುತ್ತಿದ್ದ ದಿನದ ಸಂಜೆ ಈಗ ಬಿಲ್ಲುಗಳ ಸಂಜೆ. ಮೊನ್ನೆ ನೋಡಿದರೆ ಒಂದು ಬಿಲ್ಲು ಇಲ್ಲ. ಮಾರಿದವರಿಗೆ ಕೂಡಲೇ ಬರೆದೆ. ಇವತ್ತು ಬೆಳಗ್ಗೆ ಅದರ ಪ್ರತಿ ಬಂತು.