ಕಾರು ನೋಡೋಕೆ ಮುಂಚೆ ಇನ್ಶೂರೆನ್ಸ್ ಕೋಟ್ ತಗೊಂಡೆ: ನನ್ನ ಮೊದಲನೇ ಕಾರಿನ ಅನುಭವ

ಮೊದಲನೇ ಕಾರು ಅಂದ್ರೆ ಎಲ್ರೂ ಕೇಳೋದು ಮೈಲೇಜ್ ಎಷ್ಟು, ಕಲರ್ ಯಾವ್ದು, ಸನ್‌ರೂಫ್ ಇದ್ಯಾ, ಇಷ್ಟೇ. ನಾನೂ ಹಂಗೇ ಶುರು ಮಾಡಿದ್ದು. ಎರಡು ತಿಂಗಳು ರಿವ್ಯೂ ವಿಡಿಯೋ ನೋಡಿ ನೋಡಿ ಒಂದು ಟರ್ಬೊ ಹ್ಯಾಚ್‌ಬ್ಯಾಕ್ ಮೇಲೆ ಮನಸ್ಸು ಬಿದ್ದಿತ್ತು, ಪುಶ್ ಬಟನ್ ಸ್ಟಾರ್ಟು, ಕೀ ಜೇಬಲ್ಲಿದ್ರೆ ಸಾಕು ಹ್ಯಾಂಡಲ್ ಮುಟ್ಟಿದ ತಕ್ಷಣ ಬಾಗ್ಲು ಓಪನ್, ಮನೆಲಿ ಎಲ್ರಿಗೂ ಫೋಟೋ ತೋರ್ಸಿ ಆಗಿತ್ತು, ಇಎಂಐ ಲೆಕ್ಕಾನೂ ಹಾಕಿ ಆಗಿತ್ತು. ಆ ಲೆಕ್ಕದಲ್ಲಿ ಪೆಟ್ರೋಲ್ ಇತ್ತು, ಸರ್ವಿಸ್ ಇತ್ತು, ಟೈರ್ ಸಹಾ ಇತ್ತು, ಇನ್ಶೂರೆನ್ಸಿಗೆ ಮಾತ್ರ ಸುಮ್ನೆ ಅಂದಾಜಲ್ಲಿ ಒಂದು ನಂಬರ್ ಗೀಚಿದ್ದೆ. ಯಾವ ಕಾರಾದ್ರೂ ಇನ್ಶೂರೆನ್ಸ್ ಹೆಚ್ಚು ಕಮ್ಮಿ ಒಂದೇ ಅಲ್ವಾ ಅಂದ್ಕೊಂಡಿದ್ದೆ, ದಡ್ಡ.

ಅಷ್ಟರಲ್ಲಿ ನನ್ನ ಒಬ್ಬ ಫ್ರೆಂಡ್ ಕಾರು ಕಳವಾಯ್ತು. ಬೆಳಿಗ್ಗೆ ಫೋನ್ ಮಾಡಿ "ಮಗಾ, ಕಾರಿಲ್ಲ ಕಣೋ" ಅಂದ, ಎಲ್ಲಿಲ್ಲ ಅಂದ್ರೆ ಎಲ್ಲೂ ಇಲ್ಲ. ನಾನು ಹೋಗಿ ನೋಡ್ದೆ. ರಾತ್ರಿ ಮಳೆ ಬಂದು ನಿಂತಿತ್ತು, ಸುತ್ತ ನೆಲ ಎಲ್ಲಾ ಒದ್ದೆ, ಕಾರು ನಿಂತಿದ್ದ ಜಾಗ ಮಾತ್ರ ಆಯತಾಕಾರದಲ್ಲಿ ಒಣಗಿಕೊಂಡಿತ್ತು. ಒಂದು ಚೂರು ಗಾಜಿಲ್ಲ, ಟೈರ್ ಉಜ್ಜಿದ ಗುರುತಿಲ್ಲ. ಎರಡೂ ಕೀ ಅವನ ಕೈಯಲ್ಲೇ ಇತ್ತು. ಅದೂ ನನ್ನ ಕನಸಿನ ಕಾರಿನ ಥರಾನೇ, ಜೇಬಲ್ಲಿ ಕೀ ಇದ್ರೆ ಸಾಕು ಅನ್ನೋ ಟೈಪು.

ಆಮೇಲೆ ನಡೆದಿದ್ದೇ ನಂಗೆ ಜಾಸ್ತಿ ಪಾಠ ಆಗಿದ್ದು. ಕ್ಲೇಮ್ ಮಾಡೋಕೆ ಹೋದಾಗ ಮೊದ್ಲು ಕೇಳಿದ್ದೇ ಎರಡು ಕೀ ಎಲ್ಲಿ ಅಂತ, ಪುಣ್ಯಕ್ಕೆ ಇತ್ತು. ದುಡ್ಡೂ ಬಂತು, ಆದ್ರೆ ಬಂದಿದ್ದು ಕಾರು ತಗೊಂಡ ರೇಟ್ ಅಲ್ಲ, ಕಳವಾದ ದಿನ ಆ ಕಾರಿಗೆ ಎಷ್ಟು ಬೆಲೆ ಅಂತ ಪಾಲಿಸಿ ಹೇಳುತ್ತೋ ಅಷ್ಟು. ಲೋನ್ ಬಾಕಿ ಅದಕ್ಕಿಂತ ಜಾಸ್ತಿ ಇತ್ತು. ಅಂದ್ರೆ ಕಾರಿಲ್ಲ, ಆದ್ರೂ ಕಂತು ಕಟ್ಬೇಕು. ಈ ವ್ಯತ್ಯಾಸ ತುಂಬೋಕೆ ಅಂತಾನೇ ಗ್ಯಾಪ್ ಕವರ್ ಅಂತ ಒಂದು ಇರುತ್ತೆ, ಇನ್ವಾಯ್ಸ್ ರೇಟ್ ಪೂರ್ತಿ ಕೊಡೋ ಆ್ಯಡ್-ಆನ್ ಕೂಡ ಕೆಲವು ಕಡೆ ಇದೆ, ಅವನು ತಗೊಂಡಿರ್ಲಿಲ್ಲ, ಅದ್ರ ಹೆಸ್ರೂ ಕೇಳಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ.

ಅವತ್ತು ರಾತ್ರಿ ಕೂತು ಕೆಲಸ ಉಲ್ಟಾ ಮಾಡ್ದೆ. ಶೋರೂಮಿಗೆ ಹೋಗೋದು ಬಿಟ್ಟು ನಾಲ್ಕು ಕಾರಿಗೆ ಇನ್ಶೂರೆನ್ಸ್ ಕೋಟ್ ತೆಗ್ದೆ. ಒಂದು ನನ್ನ ಟರ್ಬೊ, ಎರಡನೇದು ಅದೇ ಮಾಡೆಲ್ಲಿನ ಚಿಕ್ಕ ಎಂಜಿನ್, ಮೂರನೇದು ಒಂದು ಸಾಧಾರಣ ಸೆಡಾನ್, ನಾಲ್ಕನೇದು ಸುಮ್ನೆ ಆಸೆಗೆ ಅಂತ ಒಂದು ಹಳೇ ಲಕ್ಷುರಿ ಎಸ್‌ಯುವಿ, ಸೆಕೆಂಡ್ ಹ್ಯಾಂಡಲ್ಲಿ ಅಗ್ಗಕ್ಕೆ ಬರ್ತಿತ್ತು. ಎಲ್ಲದಕ್ಕೂ ಡ್ರೈವರ್ ನಾನೇ, ವಯಸ್ಸು ಅದೇ, ಪಾರ್ಕಿಂಗ್ ಅದೇ, ವರ್ಷಕ್ಕೆ ಓಡ್ಸೋ ಕಿಲೋಮೀಟರ್ ಅದೇ. ಕಾರು ಮಾತ್ರ ಬೇರೆ. ಚಿಕ್ಕ ಎಂಜಿನ್ನಿಗೆ 100 ಅಂತ ಇಟ್ಕೊಳಿ, ಸೆಡಾನಿಗೆ 110 ಬಂತು, ಟರ್ಬೊಗೆ 160, ಆ ಹಳೇ ಎಸ್‌ಯುವಿಗೆ 200 ದಾಟ್ತು. ಒಂದೇ ಮಾಡೆಲ್ಲು, ಒಂದೇ ಬಾಡಿ, ಬಾನೆಟ್ ಒಳಗಿರೋದು ಬೇರೆ ಅಷ್ಟಕ್ಕೇ 60 ಜಾಸ್ತಿ, ಅದೂ ಪ್ರತಿ ವರ್ಷ.

ಯಾಕೆ ಹಿಂಗೆ ಅಂತ ತಿಳ್ಕೊಳ್ಳೋಕೆ ಒಂದು ವಾರ ತಲೆ ಕೆಡಿಸ್ಕೊಂಡೆ. ಕಂಪನಿಯವರು ನೋಡೋದು ಕಾರಿನ ಬೆಲೆ ಒಂದೇ ಅಲ್ಲ, ಗುದ್ದಿದ್ರೆ ರಿಪೇರಿಗೆ ಎಷ್ಟಾಗುತ್ತೆ, ಪಾರ್ಟ್ಸ್ ಎಷ್ಟು ಬೇಗ ಸಿಗುತ್ತೆ, ಎಂಜಿನ್ ಎಷ್ಟು ಪವರ್ರು, ಈ ಥರದ ಕಾರು ಓಡ್ಸೋರು ಎಷ್ಟು ಸಲ ಕ್ಲೇಮ್ ಮಾಡ್ತಾರೆ, ಎಷ್ಟು ಕಳವಾಗುತ್ತೆ, ಎಲ್ಲಾ ಸೇರುತ್ತೆ. ಬ್ರಿಟನ್‌ನಲ್ಲಿ ಇದಕ್ಕೇ ಅಂತ ಕಾರುಗಳನ್ನ 1ರಿಂದ 50ರ ತನಕ ಗ್ರೂಪ್ ಮಾಡಿದ್ರು, ನಂಬರ್ ಕಮ್ಮಿ ಇದ್ರೆ ಪ್ರೀಮಿಯಂ ಕಮ್ಮಿ, ಹೊಸದಾಗಿ ಕಲ್ತವ್ರು ಮೊದ್ಲು ಅದನ್ನೇ ನೋಡ್ತಿದ್ರು. ಇನ್ನು ಹಳೇ ಲಕ್ಷುರಿ ಕಾರಿನ ಕಥೆ ಏನಂದ್ರೆ ಕಾರಿನ ರೇಟ್ ಇಳ್ದಿರುತ್ತೆ, ಬಂಪರ್ ರೇಟ್ ಇಳಿದಿರಲ್ಲ. ಈಗಿನ ಬಂಪರ್ ಒಳಗೆ ಸೆನ್ಸರ್ರು, ಗಾಜಿನ ಹಿಂದೆ ಕ್ಯಾಮೆರಾ, ಗಾಜು ಬದಲಾಯಿಸಿದ್ರೆ ಎಷ್ಟೋ ಕಾರಲ್ಲಿ ಆ ಕ್ಯಾಮೆರಾನ ಮತ್ತೆ ಕ್ಯಾಲಿಬ್ರೇಟ್ ಮಾಡ್ಬೇಕು, ಎಲ್‌ಇಡಿ ಹೆಡ್‌ಲೈಟಲ್ಲಿ ಒಂದು ಮೂಲೆ ಹೋದ್ರೂ ಬಲ್ಬ್ ಹಾಕೋ ಆಟ ಇಲ್ಲ, ಹೆಚ್ಚಿನ ಕಾರಲ್ಲಿ ಇಡೀ ಯೂನಿಟ್ಟೇ ಹೊಸದು. ಕೆಂಪು ಕಾರಿಗೆ ಪ್ರೀಮಿಯಂ ಜಾಸ್ತಿ ಅಂತ ನನ್ನ ಮಾವ ಬಹಳ ಖಡಾಖಂಡಿತವಾಗಿ ಹೇಳಿದ್ರು, ನಾನು ತುಂಬಿದ ಯಾವ ಫಾರಮ್ಮಲ್ಲೂ ಬಣ್ಣ ಕೇಳ್ಲೇ ಇಲ್ಲ.

ಇನ್ನೊಂದು, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ, ಬರೀ ಥರ್ಡ್ ಪಾರ್ಟಿ ಪಾಲಿಸಿ ತಗೊಂಡ್ರೆ ನಿಮ್ಮಿಂದ ಬೇರೆಯವ್ರಿಗೆ ಆದ ನಷ್ಟಕ್ಕಷ್ಟೇ ಕವರ್, ನಿಮ್ಮ ಕಾರು ಕಳವಾದ್ರೆ ಒಂದು ಪೈಸೆ ಬರಲ್ಲ. ನಿಮ್ಮ ಕಾರಿನ ನಷ್ಟಕ್ಕೂ ಕೊಡೋ ಕಾಂಪ್ರಹೆನ್ಸಿವ್ ಬೇಕು, ಇಲ್ಲಾಂದ್ರೆ ಬೆಂಕಿ ಕಳ್ಳತನ ಅಂತ ಸೇರ್ಸಿರೋದಾದ್ರೂ ಬೇಕು.

ಈಗ ಕಳ್ಳತನದ ವಿಷ್ಯ. ಫ್ರೆಂಡ್ ಕಾರು ಹೆಂಗೆ ಹೋಯ್ತು ಅನ್ನೋದು ತಲೇಲಿ ಕೊರೀತಾನೇ ಇತ್ತು. ಓದ್ತಾ ಹೋದ್ರೆ ಇದಕ್ಕೆ ರಿಲೇ ಅಟ್ಯಾಕ್ ಅಂತಾರೆ. ಕೀಲೆಸ್ ಕಾರು ಸಣ್ಣ ಸಿಗ್ನಲ್ ಬಿಟ್ಟು "ಕೀ ಹತ್ರ ಇದ್ಯಾ" ಅಂತ ಕೇಳುತ್ತೆ, ಕೀ "ಇದೀನಿ" ಅನ್ನುತ್ತೆ, ಬಾಗ್ಲು ತೆಗ್ಯುತ್ತೆ. ಆ ಸಿಗ್ನಲ್ ಒಂದೆರಡು ಮೀಟರ್ ಅಷ್ಟೇ ಹೋಗೋದು. ಇಬ್ರು ಬರ್ತಾರೆ, ಒಬ್ಬ ಕಾರ್ ಹತ್ರ ನಿಂತ್ಕೋತಾನೆ, ಇನ್ನೊಬ್ಬ ಒಂದು ಆಂಟೆನಾ ಹಿಡ್ಕೊಂಡು ಮನೆ ಬಾಗ್ಲ ಹತ್ರ. ಕಾರಿನ ಸಿಗ್ನಲ್ಲನ್ನ ದಾಟ್ಸಿ ಒಳಗೆ ಗೂಟಕ್ಕೆ ನೇತು ಹಾಕಿರೋ ಕೀ ತನಕ ತಲುಪಿಸ್ತಾರೆ. ಕೀ ಪಾಪ ಕಾರು ಪಕ್ಕದಲ್ಲೇ ಇದೆ ಅಂದ್ಕೊಂಡು ಉತ್ತರ ಕೊಡುತ್ತೆ. ಒಂದು ನಿಮಿಷದ ಕೆಲ್ಸ. ಒಂದ್ಸಲ ಸ್ಟಾರ್ಟ್ ಆದ್ರೆ ಕೀ ದೂರ ಹೋಯ್ತು ಅಂತ ವಾರ್ನಿಂಗ್ ಬರುತ್ತೆ, ಎಂಜಿನ್ ಆಫ್ ಆಗಲ್ಲ, ಓಡೋವಾಗ ತಾನೇ ಆಫ್ ಆದ್ರೆ ಇನ್ನೂ ಅಪಾಯ ಅಲ್ವಾ ಅದಕ್ಕೆ. ಫ್ರೆಂಡ್ ಮನೇಲಿ ಕೀ ಗೂಟ ಬಾಗ್ಲಿಂದ ಎರಡೇ ಹೆಜ್ಜೆ.

ಅಂದ್ರೆ ಹಳೇ ಥರ ಕೀ ತಿರುಗ್ಸೋ ಕಾರೇ ಸೇಫು ಅಂತ ತೀರ್ಮಾನ ಮಾಡ್ಬಿಟ್ಟೆ. ಅದೂ ತಪ್ಪೇ. ಅಮೆರಿಕದಲ್ಲಿ 2011ರಿಂದ 2021ರ ಸುಮಾರಿಗೆ ಬಂದ ಎಷ್ಟೋ ಹ್ಯುಂಡೈ, ಕಿಯಾ ಕಾರುಗಳಲ್ಲಿ ಕೀ ತಿರುಗ್ಸೋ ಅಗ್ಗದ ವೇರಿಯಂಟಿಗೆ ಇಮ್ಮೊಬಿಲೈಸರ್ರೇ ಹಾಕಿರ್ಲಿಲ್ಲ. ಇಮ್ಮೊಬಿಲೈಸರ್ ಅಂದ್ರೆ ಕೀ ತಲೆಯೊಳಗೆ ಒಂದು ಪುಟಾಣಿ ಚಿಪ್, ಅದ್ರ ಕೋಡ್ ಸರಿ ಇದ್ರೆ ಮಾತ್ರ ಎಂಜಿನ್ ಕಂಪ್ಯೂಟರ್ ಸ್ಟಾರ್ಟ್ ಆಗೋಕೆ ಬಿಡುತ್ತೆ. ಅದಿಲ್ದಿರೋ ಕಾರನ್ನ ಸ್ಟೀರಿಂಗ್ ಕೆಳಗಿನ ಕವರ್ ಕಿತ್ತು ಯುಎಸ್‌ಬಿ ಕೇಬಲ್ ತುದೀಲಿ ತಿರುಗ್ಸಿ ಸ್ಟಾರ್ಟ್ ಮಾಡೋ ವಿಡಿಯೋಗಳು 2022ರಲ್ಲಿ ಎಲ್ಲಾ ಕಡೆ ಹರಿದಾಡಿ ಹುಡುಗ್ರು ಸಾಲುಸಾಲಾಗಿ ಕದ್ರು. ಅಲ್ಲಿ 2015ರ ಮಾಡೆಲ್ ನೋಡಿದ್ರೆ ಬೇರೆ ಕಂಪನಿಗಳ ಕಾರಲ್ಲಿ ಶೇಕಡ 96ಕ್ಕೆ ಇಮ್ಮೊಬಿಲೈಸರ್ ಇತ್ತು, ಇವುಗಳಲ್ಲಿ 26ಕ್ಕೆ ಮಾತ್ರ. 2023ರಲ್ಲಿ ಸುಮಾರು 83 ಲಕ್ಷ ಕಾರಿಗೆ ಫ್ರೀ ಸಾಫ್ಟ್‌ವೇರ್ ಅಪ್‌ಡೇಟ್ ಕೊಡ್ಬೇಕಾಯ್ತು, ಕೆಲವು ಇನ್ಶೂರೆನ್ಸ್ ಕಂಪನಿಯವರು ಕೆಲವು ಊರಲ್ಲಿ ಆ ಮಾಡೆಲ್ಲಿಗೆ ಹೊಸ ಪಾಲಿಸೀನೇ ಕೊಡಲ್ಲ ಅಂದ್ಬಿಟ್ರು. ಪಕ್ಕದ ಕೆನಡಾದಲ್ಲಿ 2007ರಿಂದಲೇ ಹೊಸ ಕಾರಿಗೆ ಇಮ್ಮೊಬಿಲೈಸರ್ ಕಡ್ಡಾಯ, ಬ್ರಿಟನ್‌ನಲ್ಲಿ 1998ರಿಂದ, ಅಲ್ಲಿ ಈ ಯುಎಸ್‌ಬಿ ಆಟ ನಡೀಲಿಲ್ಲ. ಕಾರಿನ ಹೆಸ್ರು ಒಂದೇ ಇದ್ರೂ ಒಳಗೆ ಏನು ಹಾಕಿದಾರೆ ಅಂತ ಆಯಾ ವೇರಿಯಂಟಲ್ಲೇ ನೋಡ್ಬೇಕು, ಬ್ರ್ಯಾಂಡ್ ನೋಡಿ ಆಗಲ್ಲ.

ಸೋ ನಂಗೆ ಬೇಕಾಗಿದ್ದು ಚಿಪ್ ಇರೋ ಕೀ, ಆದ್ರೆ ತಿರುಗ್ಸೋ ಕೀ. ಎರಡು ಹಳ್ಳದ ಮಧ್ಯದ ದಾರಿ ಅದು. ಟರ್ಬೊ ಆಸೆ ಬಿಟ್ಟು 4 ವರ್ಷ ಹಳೇದು, ಅದೇ ಮಾಡೆಲ್ಲಿನ ಚಿಕ್ಕ ಎಂಜಿನ್ನಿನ ಮಧ್ಯದ ವೇರಿಯಂಟ್ ಹುಡುಕಿದೆ.

ಮೊದಲು ನೋಡಿದ ಕಾರು ಚೆನ್ನಾಗಿತ್ತು, ಒಂದೇ ಕೀ. "ಇನ್ನೊಂದು ಎಲ್ಲೋ ಇದೆ ಸರ್, ಆಮೇಲೆ ಕೊಡ್ತೀನಿ" ಅಂದ್ರು. ಆ ಇನ್ನೊಂದು ಕೀ ಯಾರ ಕೈಲಿದೆಯೋ, ನಾಳೆ ಕಳವಾದ್ರೆ ಕ್ಲೇಮಲ್ಲಿ ನಾನೇನು ಹೇಳ್ಲಿ, ಬೇಡ ಅಂತ ಬಂದೆ. ಎರಡನೇದ್ರಲ್ಲಿ ಎರಡು ಕೀ ಇತ್ತು. ಅಲ್ಲೊಂದು ಟೆಸ್ಟ್ ಮಾಡ್ದೆ, ಅಡುಗೆಮನೆ ಅಲ್ಯೂಮಿನಿಯಂ ಫಾಯಿಲ್ ಒಂದು ತುಂಡು ಜೇಬಲ್ಲಿ ಇಟ್ಕೊಂಡು ಹೋಗಿದ್ದೆ, ಕೀ ತಲೆಗೆ ಮೂರು ಸುತ್ತು ಬಿಗಿಯಾಗಿ ಸುತ್ತಿ ತಿರುಗ್ಸಿದೆ. ಓನರ್ ಅಂಕಲ್ ನನ್ನನ್ನ ನೋಡಿದ ನೋಟ ಇನ್ನೂ ನೆನಪಿದೆ, ಹುಡುಗನಿಗೆ ಏನೋ ಆಗಿದೆ ಅಂತ. ಎಂಜಿನ್ ಹಿಡೀಲಿಲ್ಲ, ಡ್ಯಾಶ್‌ಬೋರ್ಡಲ್ಲಿ ಕೀ ಚಿತ್ರದ ಲೈಟ್ ಮಿಣಕ್ ಮಿಣಕ್ ಅಂತು. ಫಾಯಿಲ್ ಬಿಚ್ಚಿ ತಿರುಗ್ಸಿದೆ, ತಕ್ಷಣ ಸ್ಟಾರ್ಟ್. ಚಿಪ್ ಇದೆ, ಕೆಲ್ಸಾನೂ ಮಾಡ್ತಿದೆ. ಎರಡನೇ ಕೀಲೂ ಸ್ಟಾರ್ಟ್ ಮಾಡಿ ನೋಡ್ದೆ, ಕೆಲವ್ರು ಚಿಪ್ ಇಲ್ದಿರೋ ಡೂಪ್ಲಿಕೇಟ್ ಕೊಟ್ಟು ಎರಡು ಕೀ ಅಂತಾರೆ, ಅದ್ರಲ್ಲಿ ಬಾಗ್ಲಷ್ಟೇ ತೆಗ್ಯೋದು. ಅಂಕಲ್ಲೂ ಆಮೇಲೆ ಆ ಫಾಯಿಲ್ ಇಸ್ಕೊಂಡು ತಾವೂ ಒಂದ್ಸಲ ಮಾಡಿ ನೋಡಿದ್ರು.

ಆಮೇಲೆ ಚಾಸಿಸ್ ನಂಬರ್. 17 ಅಕ್ಷರ ಇರುತ್ತೆ, ಬಾಡಿ ಮೇಲೆ ಕೊರೆದಿರೋದು, ಪ್ಲೇಟಲ್ಲಿರೋದು, ರಿಜಿಸ್ಟ್ರೇಷನ್ ಪೇಪರಲ್ಲಿರೋದು, ಮೂರೂ ಒಂದೊಂದೇ ಅಕ್ಷರ ಬೆರಳಿಟ್ಟು ನೋಡ್ದೆ. ಇದ್ರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಈ ಮೂರು ಅಕ್ಷರ ಬರೋದೇ ಇಲ್ಲ, 1, 0 ಈ ಅಂಕಿಗಳ ಜೊತೆ ಗೊಂದಲ ಆಗ್ಬಾರ್ದು ಅಂತ. ಕದ್ದ ಕಾರಿಗೆ ಬೇರೆ ಕಾರಿನ ನಂಬರ್ ಕೂರ್ಸಿ ಮಾರೋರು ಇರ್ತಾರೆ, ಅಂಥದ್ದು ತಗೊಂಡ್ರೆ ಕಾರೂ ಹೋಗುತ್ತೆ ದುಡ್ಡೂ ಹೋಗುತ್ತೆ. ಸೈಲೆನ್ಸರ್ ಲೈನಲ್ಲಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಒರಿಜಿನಲ್ ಇದ್ಯಾ ಅಂತಾನೂ ಮೆಕ್ಯಾನಿಕ್ ಹತ್ರ ಕೆಳಗೆ ಬಗ್ಗಿ ನೋಡ್ಸಿದೆ, ಅದ್ರೊಳಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಇರೋದ್ರಿಂದ ಇಡೀ ಕಾರು ಬಿಟ್ಟು ಅದನ್ನಷ್ಟೇ ಕುಯ್ದು ಒಯ್ತಾರೆ.

ಪಾಲಿಸಿ ಮಾಡ್ಸೋವಾಗ ಒಂದು ಆಸೆ ಬಂತು, ಅದನ್ನೂ ಹೇಳ್ಬಿಡ್ತೀನಿ. ಮೇನ್ ಡ್ರೈವರ್ ಅಪ್ಪ ಅಂತ ಹಾಕಿ ನೋಡ್ದೆ, ಪ್ರೀಮಿಯಂ ಸಕ್ಕತ್ತಾಗಿ ಇಳೀತು. ಅಪ್ಪನ ಹತ್ರ ಹೇಳ್ದೆ. "ಕಾರು ಓಡ್ಸೋದು ನೀನು, ಹೆಸ್ರು ನಂದ್ಯಾಕೋ, ನಾಳೆ ಗುದ್ದಿ ಬಂದ್ರೆ ನಾನು ಹೋಗಿ ಸುಳ್ಳು ಹೇಳ್ಲಾ" ಅಂದ್ರು. ನಿಜಕ್ಕೂ ಅದು ಫ್ರಾಡ್ ಲೆಕ್ಕಕ್ಕೇ ಬರೋದು, ಗೊತ್ತಾದ್ರೆ ಕ್ಲೇಮ್ ಕೊಡಲ್ಲ. ನನ್ನ ಹೆಸ್ರೇ ಹಾಕಿ, ಅಪ್ಪನ್ನ ಎರಡನೇ ಡ್ರೈವರ್ ಮಾಡ್ದೆ, ಅಪರೂಪಕ್ಕೆ ಅವ್ರೂ ಓಡಿಸ್ತಾರೆ ಅದಂತೂ ನಿಜ. ಹಳೇ ಓನರ್ ಹಾಕ್ಸಿದ್ದ ಅಲಾಯ್ ವೀಲ್ಸ್ ಕಂಪನಿದಲ್ಲ, ಅದನ್ನೂ ಮುಚ್ಚಿಡದೆ ಫಾರಮ್ಮಲ್ಲಿ ಬರ್ದೆ.

ವಾಲಂಟರಿ ಡಿಡಕ್ಟಿಬಲ್ ಜಾಸ್ತಿ ಮಾಡಿದ್ರೆ ಪ್ರೀಮಿಯಂ ಕಮ್ಮಿ ಆಗುತ್ತೆ, ಕ್ಲೇಮ್ ಬಂದಾಗ ಅಷ್ಟು ನಮ್ಮ ಜೇಬಿಂದ. ಮೊದ್ಲು ಅತಿ ದೊಡ್ಡದನ್ನೇ ಆರಿಸಿದ್ದೆ, ಆಮೇಲೆ ಬ್ಯಾಂಕಲ್ಲಿ ಎಷ್ಟಿದೆ ಅಂತ ನೋಡಿ ಮೂರು ಮೆಟ್ಟಿಲು ಕೆಳಗೆ ಇಳಿದೆ. ಡೌನ್ ಪೇಮೆಂಟ್ ಜಾಸ್ತಿ ಮಾಡಿ ಲೋನ್ ಕಮ್ಮಿ ತಗೊಂಡಿದ್ರಿಂದ ಗ್ಯಾಪ್ ಕವರ್ ಬೇಕಾಗ್ಲಿಲ್ಲ.

ಟ್ರ್ಯಾಕರ್ ಹಾಕ್ಸಿದ್ರೆ ಡಿಸ್ಕೌಂಟ್ ಇದೆ ಅಂದ್ರು, ಲೆಕ್ಕ ಹಾಕಿದ್ರೆ ಟ್ರ್ಯಾಕರ್ ಚಂದಾನೇ ಡಿಸ್ಕೌಂಟಿಗಿಂತ ಜಾಸ್ತಿ, ಬಿಟ್ಟೆ. ಬದಲಿಗೆ ಹಳದಿ ಬಣ್ಣದ ಒಂದು ದಪ್ಪ ಸ್ಟೀರಿಂಗ್ ಲಾಕ್ ತಗೊಂಡೆ. ಕಟ್ಟರ್ ಇದ್ದವ್ನಿಗೆ ಅದೇನು ದೊಡ್ಡದಲ್ಲ, ಆದ್ರೆ ಹೊರಗಿಂದ ಕಾಣುತ್ತೆ, ಸದ್ದು ಮಾಡಿಸುತ್ತೆ, ಟೈಮ್ ತಿನ್ನುತ್ತೆ. ಕಳ್ಳನಿಗೆ ಪಕ್ಕದ ಕಾರು ಸುಲಭ ಅನ್ಸಿದ್ರೆ ಸಾಕು, ಸ್ವಾರ್ಥ ಅನ್ನಿ ಏನಾದ್ರೂ ಅನ್ನಿ.

ಫ್ರೆಂಡ್ ಈಗ ಮತ್ತೊಂದು ಕೀಲೆಸ್ ಕಾರೇ ತಗೊಂಡಿದಾನೆ, ಆದ್ರೆ ಇದ್ರ ಕೀ ಅಲ್ಲಾಡ್ದೆ ಒಂದು ಕಡೆ ಇದ್ರೆ ತಾನೇ ನಿದ್ದೆ ಹೋಗುತ್ತೆ, ಸಿಗ್ನಲ್ಲಿಗೆ ಉತ್ತರಾನೇ ಕೊಡಲ್ಲ. ಅಷ್ಟಿದ್ರೂ ಕೀನ ಸಿಗ್ನಲ್ ತಡೆಯೋ ಪೌಚಲ್ಲಿ ಹಾಕಿ, ಆ ಪೌಚನ್ನ ಸ್ಟೀಲ್ ಡಬ್ಬಿಲಿ ಹಾಕಿ, ಡಬ್ಬಿನ ಬೀರುಲಿಡ್ತಾನೆ. ಬೆಳಿಗ್ಗೆ ಆಫೀಸಿಗೆ ಲೇಟಾದಾಗ ಮೂರೂ ತೆಗೀತಾ ಬೈಕೊಳ್ತಿರ್ತಾನೆ, ನಾನು ಅಷ್ಟ್ರಲ್ಲಿ ಕೆಳಗೆ ಸ್ಟೀರಿಂಗ್ ಲಾಕ್ ಜೊತೆ ಗುದ್ದಾಡ್ತಿರ್ತೀನಿ.